ಕರೆಂಟು ಹೋದರೆ ಕರೆಯೂ ಹೋಗಬೇಕೆ?

ಸರ್ಕಾರಿ ಕಚೇರಿಯ ಮೇಜಿನ ಮೇಲಿನ ದೂರವಾಣಿ ಹೊರನೋಟಕ್ಕೆ ಹಿಂದಿನಂತೆಯೇ ಕಾಣುತ್ತದೆ. ಆದರೆ ಅದರ ಹಿಂದಿನ ತಂತಿ ಬದಲಾಗುತ್ತಿದೆ. ಬಿಎಸ್‌ಎನ್‌ಎಲ್ ತನ್ನ ತಾಮ್ರದ ತಂತಿಯ ಸಂಪರ್ಕಗಳನ್ನು ಹಂತಹಂತವಾಗಿ ಆಪ್ಟಿಕಲ್ ಫೈಬರ್‌ಗೆ ವರ್ಗಾಯಿಸುತ್ತಿದ್ದು, ಹಳೆಯ ಫೋನಿನ ಜಾಗಕ್ಕೆ ಅಂತರಜಾಲದ ಮೂಲಕ ಮಾತನಾಡುವ ಐಪಿ ಫೋನುಗಳು ಬರುತ್ತಿವೆ. ನಗರದ ಕಂಪೆನಿಗಳಿಗೆ ಇದು ಅನುಕೂಲದ ಮಾತು. ಬೇತಮಂಗಲದಂಥ ಹೋಬಳಿ ಕೇಂದ್ರಕ್ಕೆ ಇದು ಆಪತ್ಕಾಲದ ಪ್ರಶ್ನೆಯೂ ಹೌದು.

ಬೇತಮಂಗಲ ಒಂದು ಕಾಲದಲ್ಲಿ ತಾಲ್ಲೂಕು ಕೇಂದ್ರವಾಗಿತ್ತು. ರೈಲು ಹಳಿ ಬೌರಿಂಗ್‌ಪೇಟೆಯ, ಅಂದರೆ ಇಂದಿನ ಬಂಗಾರಪೇಟೆಯ ಮೇಲೆ ಹಾದುಹೋದ ಬಳಿಕ ಕಚೇರಿಗಳೂ ಅತ್ತ ಸರಿದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಪಾಲಾರ್ ನದಿಗೆ ಬೇತಮಂಗಲದಲ್ಲಿ ಕಟ್ಟಿದ ಜಲಾಶಯದ ನೀರೂ ಗಣಿನಗರಕ್ಕೆ ಹರಿಯಿತು. ಸಂಪರ್ಕದ ಗೆರೆ ಎಲ್ಲಿ ಹಾದುಹೋಗುತ್ತದೆ ಎಂಬುದು ಊರಿನ ಹಣೆಬರಹವನ್ನೇ ಬದಲಿಸಬಲ್ಲುದೆಂಬುದನ್ನು ಈ ಭಾಗದ ಜನರಿಗೆ ಬೇರೆಯವರು ಹೇಳಬೇಕಾಗಿಲ್ಲ.

ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿಗೆ ನೀಡಿದ ರಾಜ್ಯವ್ಯಾಪಿ ಜಾಲದ ಯೋಜನೆ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕನಿಷ್ಠ 2 ಎಂಬಿಪಿಎಸ್ ಸಂಪರ್ಕ ಒದಗಿಸುವ ಗುರಿ ಹೊಂದಿತ್ತು. ಹೋಬಳಿಗಳು ಅದರ ಆಚೆ ಉಳಿದವು. ಆ ಕೊರತೆ ತುಂಬಲು 2011ರಲ್ಲಿ ಮಂಜೂರಾದ ಫೈಬರ್ ಜಾಲವೇ ನಂತರ ಭಾರತ್‌ನೆಟ್ ಎಂಬ ಹೆಸರು ಪಡೆದು ಗ್ರಾಮ ಪಂಚಾಯಿತಿಗಳತ್ತ ಸಾಗಿತು.

ಫೋನು ಹೇಗೆ ಕೆಲಸ ಮಾಡುತ್ತದೆ?

ಹಳೆಯ ಲ್ಯಾಂಡ್‌ಲೈನಿಗೆ ವಿದ್ಯುತ್ತು ಬರುತ್ತಿದ್ದುದು ದೂರವಾಣಿ ವಿನಿಮಯ ಕೇಂದ್ರದ 48 ವೋಲ್ಟ್ ಬ್ಯಾಟರಿಯಿಂದ. ಆದುದರಿಂದಲೇ ಊರೆಲ್ಲ ಕತ್ತಲಾದರೂ ಫೋನು ಬಾರಿಸುತ್ತಿತ್ತು. ಐಪಿ ಫೋನಿಗೆ ಆ ಭಾಗ್ಯವಿಲ್ಲ. ಫೋನು, ಸ್ವಿಚ್ಚು, ರೌಟರು, ಫೈಬರ್ ಪೆಟ್ಟಿಗೆ ಈ ನಾಲ್ಕಕ್ಕೂ ಕಚೇರಿಯಲ್ಲೇ ಕರೆಂಟು ಬೇಕು. ನಾಲ್ಕರಲ್ಲಿ ಒಂದು ಆರಿದರೂ ಕರೆ ಕಡಿದಂತೆಯೇ.

ಇದರ ಅನುಕೂಲಗಳನ್ನು ಅಲ್ಲಗಳೆಯಲಾಗದು. ಒಂದೇ ಕೇಬಲಿನಲ್ಲಿ ಫೋನೂ ಗಣಕಯಂತ್ರವೂ ನಡೆಯುತ್ತವೆ. ಕರೆ ವರ್ಗಾವಣೆ, ಹಲವರ ಸಮ್ಮೇಳನ ಕರೆ, ಧ್ವನಿ ಸಂದೇಶ ಇವೆಲ್ಲ ಸಾಧ್ಯ. ಬೇರೆ ಬೇರೆ ಊರಿನ ಕಚೇರಿಗಳು ಒಂದೇ ಕಟ್ಟಡದಲ್ಲಿರುವಂತೆ ಒಳಸಂಖ್ಯೆ ಒತ್ತಿ ಮಾತನಾಡಬಹುದು. ಬಳಕೆದಾರ ಹೆಸರು ಮತ್ತು ಗುಪ್ತಪದ ನೀಡಿ ಸರ್ವರ್‌ನಲ್ಲಿ ನೋಂದಾಯಿತವಾಗುವ ಈ ಫೋನನ್ನು ಎಲ್ಲಿಗೆ ಒಯ್ದರೂ ಸಂಖ್ಯೆ ಅದರ ಜೊತೆಗೇ ಬರುತ್ತದೆ.

ಸಾಮಾನ್ಯವಾಗಿ ಹೇಳಲಾಗುವಂತೆ ಇಂಟರ್‌ನೆಟ್ ವೇಗದ ಕೊರತೆ ಇಲ್ಲಿ ಮುಖ್ಯ ಅಡ್ಡಿಯಲ್ಲ. ಸಾಮಾನ್ಯ ಗುಣಮಟ್ಟದ ಒಂದು ಕರೆಗೆ ಒಂದೊಂದು ದಿಕ್ಕಿನಲ್ಲೂ ಸುಮಾರು 90 ಕೆಬಿಪಿಎಸ್ ಸಾಕು. ಹತ್ತು ಜನ ಒಟ್ಟಿಗೆ ಮಾತನಾಡಿದರೂ ಒಂದು ಎಂಬಿಪಿಎಸ್ ದಾಟುವುದಿಲ್ಲ. ತೊಂದರೆಯಾಗುವುದು ಅದೇ ಜಾಲದಲ್ಲಿ ಯಾರೋ ಭಾರೀ ಕಡತವನ್ನು ಕಳುಹಿಸುವಾಗ. ಧ್ವನಿಯ ತುಣುಕುಗಳು ತಡವಾಗಿ, ಏರುಪೇರಾಗಿ ತಲುಪಿ ಮಾತು ತುಂಡಾಗುತ್ತದೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿರುವುದು ಒಳ್ಳೆಯದೆಂಬುದು ಅಂತಾರಾಷ್ಟ್ರೀಯ ಮಾನದಂಡ. ಸ್ವಿಚ್ಚಿನಲ್ಲಿ ಧ್ವನಿಗೆ ಪ್ರತ್ಯೇಕ ಜಾಲವಿಭಾಗ ಮಾಡಿ, ರೌಟರಿನಲ್ಲಿ ಅದಕ್ಕೆ ಮೊದಲ ಆದ್ಯತೆ ಕೊಟ್ಟರೆ ಕಚೇರಿಯೊಳಗಿನ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ.

ಗಮನ ಹರಿಸಬೇಕಾದ ಅಂಶಗಳು

ಮೊದಲನೆಯದು ವಿದ್ಯುತ್ತು. ನೆಟ್‌ವರ್ಕ್ ಕೇಬಲಿನಲ್ಲೇ ಫೋನಿಗೆ ವಿದ್ಯುತ್ತು ಹರಿಸುವ ಮಾನದಂಡ 2003ರಿಂದಲೇ ಇದೆ. ಅಂಥ ಸ್ವಿಚ್ಚನ್ನೂ ರೌಟರನ್ನೂ ಫೈಬರ್ ಪೆಟ್ಟಿಗೆಯನ್ನೂ ಒಂದೇ ಯುಪಿಎಸ್‌ಗೆ ಜೋಡಿಸಿದರೆ ಎಲ್ಲ ಫೋನುಗಳೂ ಉಳಿಯುತ್ತವೆ. ಎಂಟು ಫೋನುಗಳ ಕಚೇರಿಗೆ ಒಟ್ಟು 80 ವ್ಯಾಟ್ ಎಂದು ಲೆಕ್ಕ ಹಾಕಿದರೂ, 150 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯೊಂದು ಸುಸ್ಥಿತಿಯಲ್ಲಿದ್ದರೆ ಹತ್ತು ಗಂಟೆಯಷ್ಟು ಕಾಲ ನಿಭಾಯಿಸಬಲ್ಲುದು. ಇದು ದುಬಾರಿ ವ್ಯವಸ್ಥೆಯಲ್ಲ. ಟೆಂಡರಿನಲ್ಲಿ ಮರೆತುಹೋಗಬಹುದಾದ ವ್ಯವಸ್ಥೆ.

ಎರಡನೆಯದು ಗುಪ್ತಪದ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಹಾಗೆಯೇ ಬಿಟ್ಟರೆ ಹೊರಗಿನವರು ಆ ಸಂಖ್ಯೆಯಿಂದ ವಿದೇಶಕ್ಕೆ ಕರೆ ಮಾಡಬಹುದು. ಬಿಲ್ಲು ಬರುವುದು ಕಚೇರಿಗೆ. ಮೂರನೆಯದು ತುರ್ತು ಕರೆ. ಫೋನು ಊರು ಬದಲಿಸಿದರೂ ದಾಖಲೆಯಲ್ಲಿ ಹಳೆಯ ವಿಳಾಸವೇ ಉಳಿದಿದ್ದರೆ 112ಕ್ಕೆ ಕರೆದಾಗ ನೆರವು ತಪ್ಪು ಸ್ಥಳಕ್ಕೆ ಹೊರಟೀತು.

ಮೊಬೈಲ್ ಇದೆಯಲ್ಲ ಎಂಬ ವಾದವಿದೆ. ಆದರೆ ಮೊಬೈಲ್ ಗೋಪುರಕ್ಕೂ ಬ್ಯಾಟರಿಯೇ ಆಸರೆ. ಅಲ್ಲದೆ ಅಧಿಕಾರಿಯ ಮೊಬೈಲ್ ಸಂಖ್ಯೆ ವರ್ಗಾವಣೆಯೊಂದಿಗೆ ಹೊರಟುಹೋಗಬಹುದು. ಠಾಣೆಯ, ಆಸ್ಪತ್ರೆಯ ಸಂಖ್ಯೆ ಊರಿನದಾಗಿ ಉಳಿಯಬೇಕು.

ಆದುದರಿಂದ ಹೊಸ ಫೋನುಗಳನ್ನು ಒಪ್ಪಿಕೊಳ್ಳುವ ಮುನ್ನ ಒಂದು ಸರಳ ಪರೀಕ್ಷೆ ನಡೆಯಲಿ. ಗುತ್ತಿಗೆದಾರನ ಎದುರಿನಲ್ಲೇ ಕಚೇರಿಯ ಮೇನ್ ಸ್ವಿಚ್ಚನ್ನು ಆರಿಸಿ, ನಾಲ್ಕು ಗಂಟೆಯ ಬಳಿಕ ಹೊರಗಿನಿಂದ ಕರೆ ಮಾಡಿ ನೋಡಲಿ. ಗಂಟೆ ಬಾರಿಸಿದರೆ ಮಾತ್ರ ಬಿಲ್ಲಿಗೆ ಸಹಿ ಬೀಳಲಿ. ಇಷ್ಟನ್ನು ಕಡ್ಡಾಯಗೊಳಿಸಲು ಹೊಸ ಕಾನೂನು ಬೇಕಿಲ್ಲ. ಟೆಂಡರಿನಲ್ಲಿ ಒಂದು ಸಾಲು ಸಾಕು. ಆ ಸಾಲನ್ನು ಬರೆಯುವ ಹೊಣೆಯನ್ನು ಜಿಲ್ಲಾಡಳಿತ ವಹಿಸಿಕೊಳ್ಳುವುದೇ?