ಪೆನ್‌ಡ್ರೈವ್ ಕೊಂಡವನನ್ನು ಯಾರು ಕೇಳಿದ್ರು?

1/6

ಫೋಟೋದಲ್ಲಿರೋದು ನನ್ನ ಹಳೇ ಪೆನ್‌ಡ್ರೈವ್. 8 ಜಿಬಿ, ಮುಚ್ಚಳ ಕಳೆದು ವರ್ಷಗಳಾದವು. ಇದರ ಕಥೆ ಹೇಳೋಕೆ ಮುಂಚೆ ಒಂದು ತಪ್ಪೊಪ್ಪಿಗೆ.

ಹೋದ ಸೆಮಿಸ್ಟರ್ ಸೆಮಿನಾರ್ ಕ್ಲಾಸಿನವರಿಗೆ ನೆನಪಿರಬಹುದು. ಚೀನಾ ಎಲೆಕ್ಟ್ರಾನಿಕ್ಸ್ ಮೇಲೆ ಆಂಟಿ-ಡಂಪಿಂಗ್ ಸುಂಕ ಹಾಕಲೇಬೇಕು, ಹಾಕಿದ್ದನ್ನು ಯಾವತ್ತೂ ತೆಗೀಬಾರದು ಅಂತ ಮೇಜು ಕುಟ್ಟಿ ಮಾತಾಡಿದವನು ನಾನೇ. ಚಪ್ಪಾಳೆನೂ ಚೆನ್ನಾಗೇ ಬಿತ್ತು. ಆಮೇಲೆ ಅಸೈನ್‌ಮೆಂಟ್‌ಗೋಸ್ಕರ ನಿಜವಾದ ವರದಿಗಳನ್ನು ಓದೋಕೆ ಕೂತೆ. ಆ ಭಾಷಣದ ಎರಡನೇ ಅರ್ಧವನ್ನು ಈಗ ವಾಪಸ್ ತಗೊಳ್ತಿದ್ದೀನಿ. ಹಾಕೋದು ಬೇರೆ ವಿಷಯ. ಹಾಕಿದ್ದನ್ನು ಸರ್ಕಾರ ಐದು ವರ್ಷ ಆದಮೇಲೆ ಮರುಪರಿಶೀಲನೆ ಮಾಡುತ್ತಲ್ಲ, ಅದು ಮರುಪರಿಶೀಲನೆನೇ ಅಲ್ಲ ಅನ್ನೋದು ನನ್ನ ವಾದ.

2/6

ಮೊದಲು ಒಂದು ಗೊಂದಲ ಬಗೆಹರಿಸೋಣ. ಅಗ್ಗಕ್ಕೆ ಮಾರೋದೆಲ್ಲ ಡಂಪಿಂಗ್ ಅಲ್ಲ. ತನ್ನ ದೇಶದಲ್ಲಿ 100 ರೂಪಾಯಿಗೆ ಮಾರೋ ವಸ್ತುವನ್ನು ಇಲ್ಲಿಗೆ 80ಕ್ಕೆ ಕಳಿಸಿದ್ರೆ ಅದು ಡಂಪಿಂಗ್. ಅದರಿಂದ ಇಲ್ಲಿನ ತಯಾರಕರಿಗೆ ಪೆಟ್ಟು ಬಿದ್ದಿದೆ ಅಂತಾನೂ ಸಾಬೀತಾಗಬೇಕು. 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ 9ಎ ಕಲಂ ಇದಕ್ಕೇ ಇರೋದು. ವಾಣಿಜ್ಯ ಸಚಿವಾಲಯದ ಕೆಳಗಿರೋ ಡಿಜಿಟಿಆರ್ ತನಿಖೆ ಮಾಡಿ ಶಿಫಾರಸು ಮಾಡುತ್ತೆ, ಸುಂಕ ಹಾಕೋದು ಬಿಡೋದು ಹಣಕಾಸು ಸಚಿವಾಲಯದ ಕೈಯಲ್ಲಿ. ಆಯುಷ್ಯ ಐದು ವರ್ಷ. ಅದು ಮುಗಿಯೋ ಹೊತ್ತಿಗೆ ಸನ್‌ಸೆಟ್ ರಿವ್ಯೂ.

ಇದು ಕಂಪನಿ ಕಂಪನಿ ನಡುವಿನ ಜಗಳ, ನಮಗೇನು ಅಂತೀರಾ? ಇನ್‌ಡೈರೆಕ್ಟ್ ಟ್ಯಾಕ್ಸ್ ಪೇಪರ್ ನೆನಪು ಮಾಡ್ಕೊಳ್ಳಿ. ಆಮದಿನ ಮೇಲಿನ ಐಜಿಎಸ್‌ಟಿ ಲೆಕ್ಕ ಹಾಕೋದು ವಸ್ತುವಿನ ಬೆಲೆ ಮತ್ತು ಸುಂಕ ಸೇರಿಸಿ. ಅಂದ್ರೆ ಈ ಸುಂಕದ ಮೇಲೂ ತೆರಿಗೆ. ವ್ಯಾಪಾರಿಗೆ ಐಜಿಎಸ್‌ಟಿ ಮಟ್ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತೆ. ಎಸ್‌ಪಿ ರೋಡ್ ಅಂಗಡಿ ಮುಂದೆ ನಿಂತು ಚೌಕಾಸಿ ಮಾಡೋ ನಮಗೆ ಯಾವ ಕ್ರೆಡಿಟ್ಟೂ ಇಲ್ಲ.

3/6

ಈಗ ಪೆನ್‌ಡ್ರೈವ್.

2015ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಚೀನಾ ಮತ್ತು ತೈವಾನ್‌ನಿಂದ ಬರೋ ಯುಎಸ್‌ಬಿ ಪೆನ್‌ಡ್ರೈವ್‌ಗಳ ಮೇಲೆ ಪೀಸ್‌ಗೆ 3.12 ಡಾಲರ್‌ವರೆಗೆ ಆಂಟಿ-ಡಂಪಿಂಗ್ ಸುಂಕ ಹಾಕಿತು. ಆಗಿನ ಡಾಲರ್ ದರದಲ್ಲಿ ಸುಮಾರು 200 ರೂಪಾಯಿ. ಇದು ಶೇಕಡಾವಾರು ಸುಂಕ ಅಲ್ಲ, ತಲೆಗೆ ಇಷ್ಟು ಅಂತ. ಎರಡು ಸಾವಿರದ ಪೆನ್‌ಡ್ರೈವ್ ಕೊಳ್ಳೋನಿಗೆ 200 ಗೊತ್ತೇ ಆಗಲ್ಲ. ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಹಾಕಿಸೋಕೆ ಇರೋದ್ರಲ್ಲೇ ಅಗ್ಗದ್ದು ಹುಡುಕೋ ಹುಡುಗನಿಗೆ ಗೊತ್ತಾಗುತ್ತೆ. ತೈವಾನ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ದಿತು.

ಅರ್ಜಿಯ ಹಿಂದಿದ್ದ ಮುಖ್ಯ ತಯಾರಕ ಮೋಸರ್ ಬೇರ್. ಮನೆಯಲ್ಲಿ ಹಳೇ ಸಿನಿಮಾ ಸಿಡಿ ಇದ್ರೆ ಕವರ್ ತಿರುಗಿಸಿ ನೋಡಿ, ಆ ಹೆಸರು ಸಿಕ್ಕರೂ ಸಿಗಬಹುದು. ದೊಡ್ಡ ಕಂಪನಿ ಅದು. ತಮಾಷೆ ಏನಂದ್ರೆ 2003ರಲ್ಲಿ ಯುರೋಪಿಯನ್ ಒಕ್ಕೂಟ ಭಾರತದ ಸಿಡಿ-ಆರ್‌ಗಳ ಮೇಲೆ 7.3% ಸಬ್ಸಿಡಿ ವಿರೋಧಿ ಸುಂಕ ಹಾಕಿತ್ತು. ಆಗ ಅನ್ಯಾಯ ಅಂತ ಕೂಗಿದ್ದು ನಮ್ಮ ಕಡೆಯವರು!

ಸುಂಕ ಬಿದ್ದು ಎರಡೂವರೆ ವರ್ಷಕ್ಕೆ, 2017ರ ನವೆಂಬರ್‌ನಲ್ಲಿ, ಮೋಸರ್ ಬೇರ್ ದಿವಾಳಿ ಪ್ರಕ್ರಿಯೆಗೆ ಹೋಯಿತು. 2018ರಲ್ಲಿ ಮುಚ್ಚಿ ಆಸ್ತಿ ಮಾರೋಕೆ ಆದೇಶ ಆಯಿತು. ಸುಂಕದಿಂದ ಮುಳುಗಿತು ಅಂತ ನಾನು ಹೇಳ್ತಿಲ್ಲ. ಜನ ಡಿಸ್ಕ್ ಬಿಟ್ಟರು, ಸೋಲಾರ್‌ಗೆ ಸುರಿದ ದುಡ್ಡು ಸಾಲವಾಯಿತು. ಕಾಯಿಲೆ ಒಂದು, ಮದ್ದು ಇನ್ನೊಂದು. ಮದ್ದಿನ ಬಿಲ್ ಮಾತ್ರ ಪೆನ್‌ಡ್ರೈವ್ ಕೊಂಡವರಿಗೆ. ಅಲ್ಲಿ ದುಡೀತಿದ್ದವರಿಗೂ ಕೆಲಸ ಉಳೀಲಿಲ್ಲ.

4/6

ಈ ಭಾಗ ಉದ್ದ ಇದೆ, ಪ್ಲೀಸ್ ಓದಿ. ಜಗಳ ಇರೋದೇ ಇಲ್ಲಿ.

ಸನ್‌ಸೆಟ್ ರಿವ್ಯೂನಲ್ಲಿ ಕಾನೂನು ಕೇಳೋ ಪ್ರಶ್ನೆ ಒಂದೇ: ಸುಂಕ ತೆಗೆದರೆ ಡಂಪಿಂಗ್ ಮತ್ತು ಹಾನಿ ಮುಂದುವರಿಯೋ ಅಥವಾ ಮರುಕಳಿಸೋ ಸಾಧ್ಯತೆ ಇದೆಯಾ? ಕೇಳೋಕೆ ಸರಿಯಾಗೇ ಇದೆ. ಆದರೆ ಅದರ ಒಳಸುಳಿ ನೋಡಿ. ಐದು ವರ್ಷದಲ್ಲಿ ಕಂಪನಿ ಚೇತರಿಸಿಕೊಂಡಿದ್ರೆ "ಸುಂಕದಿಂದಲೇ ಚೇತರಿಸಿಕೊಂಡ್ವಿ, ತೆಗೀಬೇಡಿ" ಅಂತಾರೆ. ಚೇತರಿಸಿಕೊಳ್ಳದಿದ್ರೆ "ಇನ್ನೂ ಬಡವಾಗಿದ್ದೀವಿ, ತೆಗೀಬೇಡಿ" ಅಂತಾರೆ. ಪಾಸಾದರೂ ಗ್ರೇಸ್ ಮಾರ್ಕ್ಸ್, ಫೇಲಾದರೂ ಗ್ರೇಸ್ ಮಾರ್ಕ್ಸ್. ಈ ಐದು ವರ್ಷ ನಾವು ಹೆಚ್ಚು ಕೊಟ್ವಲ್ಲ, ಆ ದುಡ್ಡಲ್ಲಿ ಹೊಸ ಯಂತ್ರ ಬಂತಾ, ಬೆಲೆ ಇಳೀತಾ, ಎಷ್ಟು ಜನಕ್ಕೆ ಕೆಲಸ ಸಿಕ್ತು ಅನ್ನೋದರ ಮೇಲೆ ತೀರ್ಪು ನಿಂತಿಲ್ಲ.

ನಾನೇ ಲೆಕ್ಕ ಹಾಕ್ತೀನಿ ಅಂತ ಡಿಜಿಟಿಆರ್ ವರದಿಗಳನ್ನು ತೆರೆದೆ. ಉತ್ಪಾದನಾ ವೆಚ್ಚದ ಟೇಬಲ್ ಇದೆ. ಸಂಖ್ಯೆ ಇರಬೇಕಾದ ಜಾಗದಲ್ಲಿ ಮೂರು ನಕ್ಷತ್ರ. ಲಾಭ? ಮೂರು ನಕ್ಷತ್ರ. ಪಕ್ಕದಲ್ಲಿ ಮೊದಲ ವರ್ಷವನ್ನು 100 ಅಂತ ಇಟ್ಟುಕೊಂಡ ಇಂಡೆಕ್ಸ್. ಡಂಪಿಂಗ್ ಮಾರ್ಜಿನ್ "20-30" ಅಂತ ಒಂದು ರೇಂಜ್. ವ್ಯಾಪಾರದ ಗುಟ್ಟು ಕಾಪಾಡಬೇಕು, ಒಪ್ಪಿದೆ. ಆದರೆ ನಮ್ಮ ಜೇಬಿನಿಂದ ಐದು ವರ್ಷ ನಡೆದ ಸಹಾಯದ ಲೆಕ್ಕ ನಕ್ಷತ್ರದಲ್ಲಿ ಬರೆದ್ರೆ ಹೇಗೆ? ನಮ್ಮ ಇಂಟರ್ನಲ್ಸ್‌ನಲ್ಲಿ ಬ್ಯಾಲೆನ್ಸ್ ಶೀಟ್ ಹೀಗೆ ಬರೆದುಕೊಟ್ರೆ ಮೇಡಂ ಬಿಡ್ತಾರಾ?

ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. 1995ರ ನಿಯಮಗಳ 6ನೇ ನಿಯಮ ಹೇಳುತ್ತೆ: ಚಿಲ್ಲರೆಯಾಗಿ ಮಾರಾಟವಾಗೋ ವಸ್ತುವಾದರೆ ಗ್ರಾಹಕರ ಪ್ರಾತಿನಿಧಿಕ ಸಂಘಟನೆಗಳಿಗೂ ತನಿಖೆಯಲ್ಲಿ ಮಾಹಿತಿ ಕೊಡೋ ಅವಕಾಶ ಇರಬೇಕು. ಬಾಗಿಲು ಇದೆ. ಒಳಗೆ ಹೋಗೋರು ಯಾರು? ಒಂದು ಕಡೆ ದೆಹಲಿಯ ದೊಡ್ಡ ವಕೀಲರನ್ನಿಟ್ಟುಕೊಂಡ ತಯಾರಕರು, ಇನ್ನೊಂದು ಕಡೆ ಅಷ್ಟೇ ದೊಡ್ಡ ವಕೀಲರನ್ನಿಟ್ಟುಕೊಂಡ ರಫ್ತುದಾರರು. ತಲೆಗೆ 200 ರೂಪಾಯಿ ಕಳ್ಕೊಂಡವನು ಅದಕ್ಕೋಸ್ಕರ ವಕೀಲರನ್ನು ಇಡೋಕಾಗುತ್ತಾ? ಯುರೋಪಿನ ಕಾನೂನಿನಲ್ಲಿ ಸುಂಕ ಹಾಕೋ ಮುಂಚೆ ಗ್ರಾಹಕರೂ ಸೇರಿ ಎಲ್ಲರ ಹಿತ ತೂಗಿ ನೋಡೋದು ಕಡ್ಡಾಯ. ನಮ್ಮಲ್ಲಿ ಇತ್ತೀಚಿನ ವರದಿಗಳಲ್ಲಿ "ಸಾರ್ವಜನಿಕ ಹಿತಾಸಕ್ತಿ" ಅನ್ನೋ ಭಾಗ ಕಾಣಿಸುತ್ತೆ, ಸಂತೋಷ. ಆದರೆ 9ಎ ಕಲಂನಲ್ಲಿ ಆ ಕಡ್ಡಾಯ ಇಲ್ಲ.

5/6

"ಅಮೆರಿಕಾದವರೇ ಹಾಕ್ತಾರಲ್ಲ ಗುರು" ಅಂತ ಕಮೆಂಟ್ ಬಂದಿದೆ. ಹೌದು, ಹಾಕ್ತಾರೆ. ಏನಾಯ್ತು ನೋಡೋಣ.

ವರ್ಲ್‌ಪೂಲ್ ದೂರಿನ ಮೇಲೆ 2013ರಲ್ಲಿ ಅಲ್ಲಿ ಕೊರಿಯಾ ಮತ್ತು ಮೆಕ್ಸಿಕೋದ ವಾಷಿಂಗ್ ಮಷೀನ್‌ಗಳಿಗೆ ಆಂಟಿ-ಡಂಪಿಂಗ್ ಸುಂಕ ಬಿತ್ತು. ಸ್ಯಾಮ್‌ಸಂಗ್, ಎಲ್‌ಜಿ ಉತ್ಪಾದನೆಯನ್ನು ಚೀನಾಕ್ಕೆ ಸಾಗಿಸಿದವು. 2017ರಲ್ಲಿ ಚೀನಾ ಮೇಲೆ ಬಿತ್ತು, ಅಷ್ಟೊತ್ತಿಗೆ ಥಾಯ್ಲೆಂಡ್, ವಿಯೆಟ್ನಾಂ. ಇಲಿ ಹಿಡಿಯೋಕೆ ಒಂದು ಬಿಲ ಮುಚ್ಚಿದ್ರೆ ಪಕ್ಕದ ಬಿಲ. ಕೊನೆಗೆ 2018ರಲ್ಲಿ ಬಹುತೇಕ ಎಲ್ಲ ದೇಶಗಳಿಗೂ ಸೇರಿಸಿ ಸೇಫ್‌ಗಾರ್ಡ್ ಸುಂಕ ಹಾಕಿದರು (ಇದು ಬೇರೆ ಜಾತಿ, ಡಂಪಿಂಗ್ ಸಾಬೀತು ಮಾಡೋದೇ ಬೇಡ). ಆಗ ಬೆಲೆ ಏರಿತು. ಫ್ಲಾನ್, ಹೊರ್ಟಾಚ್ಸು, ಟಿಂಟೆಲ್‌ನಾಟ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲಿ ವಾಷರ್ ಬೆಲೆ ಸುಮಾರು 12% ಹೆಚ್ಚಾಯಿತು. ಜೊತೆಗೆ ಮಾರೋ ಡ್ರೈಯರ್‌ಗೆ ಸುಂಕವೇ ಇರಲಿಲ್ಲ, ಅದರ ಬೆಲೆಯೂ ಹೆಚ್ಚುಕಮ್ಮಿ ಅಷ್ಟೇ ಏರಿತು. ಸುಮಾರು 1,800 ಕೆಲಸ ಹುಟ್ಟಿದವು. ಒಂದೊಂದು ಕೆಲಸಕ್ಕೆ ಗ್ರಾಹಕರು ವರ್ಷಕ್ಕೆ ತೆತ್ತಿದ್ದು 8 ಲಕ್ಷ ಡಾಲರ್‌ಗೂ ಹೆಚ್ಚು. ಅಷ್ಟು ದುಡ್ಡಿನ ಸಣ್ಣ ಪಾಲನ್ನು ನೇರವಾಗಿ ಸಂಬಳವಾಗಿ ಕೊಟ್ಟಿದ್ರೂ ಮುಗೀತಿತ್ತು.

6/6

ನನ್ನನ್ನು ಚೀನಾ ಪರ ಅನ್ನೋರಿಗೆ: ಡಂಪಿಂಗ್ ನಿಜ. ಸರ್ಕಾರದ ದುಡ್ಡಲ್ಲಿ ನಷ್ಟಕ್ಕೆ ಮಾರಿ ಎದುರಾಳಿಯನ್ನು ಮುಗಿಸಿ ಆಮೇಲೆ ಬೆಲೆ ಏರಿಸೋರು ಇದ್ದಾರೆ. ಅದಕ್ಕೆ ಅಸ್ತ್ರ ಬೇಕು. 2024ರಲ್ಲಿ ಚೀನಾ, ಹಾಂಗ್‌ಕಾಂಗ್‌ನ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್‌ಗಳ ಮೇಲೆ ಐದು ವರ್ಷದ ಸುಂಕ ಬಿದ್ದಾಗ ನಾನೂ ಖುಷಿಪಟ್ಟೆ. ನಂಜನಗೂಡಲ್ಲೇ ಬೋರ್ಡ್ ಮಾಡೋ ಕಾರ್ಖಾನೆ ಇದೆ, ಅಲ್ಲಿ ಕೆಲಸ ಮಾಡೋರು ನಮ್ಮೋರೇ. ಆದರೆ ಅದೇ ಬೋರ್ಡ್ ಕೊಂಡು ಬಲ್ಬು, ಚಾರ್ಜರ್ ಜೋಡಿಸೋ ಪೀಣ್ಯದ ಸಣ್ಣ ಯೂನಿಟ್‌ನಲ್ಲಿ ಕೆಲಸ ಮಾಡೋರೂ ನಮ್ಮೋರೇ. ಇಬ್ಬರಲ್ಲಿ ಒಬ್ಬರ ಹೆಸರು ಮಾತ್ರ "ದೇಶೀಯ ಉದ್ಯಮ" ಆಗೋದು ಹೇಗೆ?

ನಾನು ಕೇಳ್ತಿರೋದು ದೊಡ್ಡದೇನಲ್ಲ. ಮುಂದುವರಿಸಿ ಅಂತ ಅರ್ಜಿ ಹಾಕೋ ಕಂಪನಿ ಮೊದಲು ಕಳೆದ ಐದು ವರ್ಷದ ಲೆಕ್ಕ ಕೊಡಲಿ, ನಕ್ಷತ್ರ ಇಲ್ಲದೆ: ಎಷ್ಟು ಹೂಡಿಕೆ, ಎಷ್ಟು ಕೆಲಸ, ಬೆಲೆ ಎಲ್ಲಿತ್ತು ಎಲ್ಲಿಗೆ ಬಂತು. ಕೊಳ್ಳೋರ ಪರವಾಗಿ ಮಾತಾಡೋಕೆ ಸರ್ಕಾರವೇ ಒಬ್ಬರನ್ನು ನೇಮಿಸಲಿ, ಯಾರಾದ್ರೂ ಬರ್ತಾರೇನೋ ಅಂತ ಬಾಗಿಲು ತೆರೆದಿಟ್ಟು ಕೂರೋದು ಬೇಡ. ಎರಡನೇ ಸಲ ಕೊಟ್ರೆ ವರ್ಷ ವರ್ಷ ಇಳಿಯೋ ಹಾಗೆ ಕೊಡಲಿ.

ಬೋರ್ಡ್ ಸುಂಕದ ಐದು ವರ್ಷ ಮುಗಿಯೋದು 2029ಕ್ಕೆ. ಅಷ್ಟೊತ್ತಿಗೆ ನಮ್ಮಲ್ಲಿ ಅರ್ಧ ಜನ ಸಿಎ ಆಫೀಸಲ್ಲೋ ಯಾವುದೋ ಕಂಪನಿ ಅಕೌಂಟ್ಸ್‌ನಲ್ಲೋ ಇರ್ತೀವಿ. ಆ ಮೂರು ನಕ್ಷತ್ರ ಹಾಕೋ ಕೆಲಸ ನಮ್ಮ ಟೇಬಲ್‌ಗೇ ಬಂದರೂ ಬರಬಹುದು.

ಡಿಜಿಟಿಆರ್ ನೋಟಿಸ್‌ಗಳೆಲ್ಲ ಅವರ ಸೈಟಲ್ಲಿ ಉಚಿತವಾಗಿ ಸಿಗುತ್ತವೆ, ಇಂಗ್ಲಿಷ್ ಸ್ವಲ್ಪ ಗಡಸು. ಶನಿವಾರ ಎರಡು ಗಂಟೆಗೆ ಲೈಬ್ರರಿ ಹಿಂದಿನ ಕಟ್ಟೆ ಮೇಲೆ ಒಂದು ವರದಿ ಪ್ರಿಂಟ್ ಹಾಕ್ಕೊಂಡು ಕೂತಿರ್ತೀನಿ. ಸೆಮಿನಾರ್‌ನಲ್ಲಿ ಚಪ್ಪಾಳೆ ಹೊಡೆದವರು ಜಗಳಕ್ಕಾದ್ರೂ ಬನ್ನಿ. ಫೈಲ್ ಬೇಕಾದವರು ಪೆನ್‌ಡ್ರೈವ್ ತನ್ನಿ.