ಬೇರೆ ಮನೆ ಮಾಡ್ತೀವಿ, ಅಡುಗೆ ಮಾತ್ರ ನಿಮ್ಮಲ್ಲೇ!

ಊರಕಡೆ ಪಾಲು ಪಂಚಾಯ್ತಿ ನೋಡಿದವರಿಗೆ ಈ ಡೈಲಾಗು ಗೊತ್ತಿರುತ್ತೆ. "ಅಣ್ಣಾ, ನಿನ್ ಜೊತೆ ಬಾಳೋಕೆ ನನ್ ಕೈಲಾಗಲ್ಲ, ಬೇರೆ ಆಗ್ತೀನಿ. ಬೋರ್‌ವೆಲ್ ನೀರು ಮಾತ್ರ ಹೀಗೇ ಬರ್ತಾ ಇರ್ಲಿ. ಕೊಡ್ಲಿಲ್ಲ ಅಂದ್ರೆ ಸೊಸೈಟಿ ಸಾಲದಲ್ಲಿ ನನ್ ಪಾಲು ಕಟ್ಟಲ್ಲ!" ಪಂಚರು ಇದನ್ನ ಕೇಳಿ ನಕ್ಕು ಎಲೆಅಡಿಕೆ ಹಾಕ್ಕೋತಾರೆ. ಆದ್ರೆ ಇದನ್ನೇ 670 ಪುಟದ ಪುಸ್ತಕ ಮಾಡಿ ಸರ್ಕಾರದ ಮುದ್ರೆ ಒತ್ತಿದ್ರೆ? ಅದು ಶ್ವೇತಪತ್ರ ಆಗುತ್ತೆ ಸ್ವಾಮಿ.

ಉತ್ಪ್ರೇಕ್ಷೆ ಅಲ್ಲ. 2013ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಸರ್ಕಾರ ಅಂಥದೊಂದು ಪುಸ್ತಕ ತಂತು. ಮುಂದಿನ ವರ್ಷ ಜನಮತ, ಬ್ರಿಟನ್ನಿಂದ ಬೇರೆಯಾಗಬೇಕೋ ಬೇಡವೋ ಅಂತ. ಸ್ವತಂತ್ರ ದೇಶದಲ್ಲಿ ಏನೇನು ಬದಲಾಗುತ್ತೆ ಅಂತ ಹುಡುಕಿಕೊಂಡು ಹೋದವರಿಗೆ ಅದರಲ್ಲಿ ಹೆಚ್ಚಾಗಿ ಸಿಕ್ಕಿದ್ದು ಏನೇನು ಬದಲಾಗಲ್ಲ ಅನ್ನೋ ಪಟ್ಟಿ. ರಾಣಿ ಅವರೇ. ಪೌಂಡ್ ಅದೇ. ಯುರೋಪಿಯನ್ ಒಕ್ಕೂಟದ ಸದಸ್ಯತ್ವ ಹಾಗೇ ಮುಂದುವರಿಯುತ್ತೆ. ಟೀವಿಯಲ್ಲಿ 'ಈಸ್ಟ್‌ಎಂಡರ್ಸ್' ಧಾರಾವಾಹಿಯೂ ತಪ್ಪಲ್ಲ! ಮುನ್ನೂರು ವರ್ಷದ ಸಂಬಂಧ ಕಡಿದುಕೊಳ್ಳೋ ದಸ್ತಾವೇಜಿನಲ್ಲಿ ಸೀರಿಯಲ್ಲಿಗೂ ಗ್ಯಾರಂಟಿ :)

ಪೌಂಡಿನ ವಿಷಯಕ್ಕೆ ಬರೋಣ, ತಮಾಷೆ ಇರೋದೇ ಅಲ್ಲಿ. 2014ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಎಡಿನ್‌ಬರಾಗೇ ಹೋಗಿ "ಬೇರೆಯಾದ್ರೆ ಪೌಂಡ್ ಹಂಚಿಕೊಳ್ಳಲ್ಲ" ಅಂದರು. ಸ್ಕಾಟ್ಲೆಂಡಿನ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಏನಂದ್ರು? ಇದೆಲ್ಲ ಬರೀ ಬೆದರಿಕೆ, ನಿಜವಾಗ್ಲೂ ಕೊಡ್ಲಿಲ್ಲ ಅಂದ್ರೆ ಸಾಲದಲ್ಲಿ ನಮ್ಮ ಪಾಲನ್ನೂ ಹೊರಲ್ಲ ಅಂತ. ಬೋರ್‌ವೆಲ್ಲು, ಸೊಸೈಟಿ ಸಾಲ... ನೆನಪಾಯ್ತಾ? ನಿಮ್ಮ ನೋಟು ಅಚ್ಚು ಹಾಕೋದು, ಬಡ್ಡಿ ದರ ನಿಗದಿ ಮಾಡೋದು ಪಕ್ಕದ ದೇಶದ ಬ್ಯಾಂಕಾದ್ರೆ ಅದ್ಯಾವ ಸೀಮೆ ಸ್ವಾತಂತ್ರ್ಯ ಅಂತ ಕೇಳಿದವರಿಗೆ ಸಿಕ್ಕ ಬಿರುದು, ಹೆದರುಪುಕ್ಕಲರು.

ಲೆಕ್ಕಾಚಾರವೂ ಹಾಗೇ. ಉತ್ತರ ಸಮುದ್ರದ ತೈಲಕ್ಕೆ ಬ್ಯಾರೆಲ್ಲಿಗೆ 113 ಡಾಲರ್ ಸಿಗುತ್ತೆ ಅಂತ ಹಿಡಿದಿದ್ದರು. ಸ್ವಾತಂತ್ರ್ಯ ದಿನ ಅಂತ ಗೊತ್ತು ಮಾಡಿದ್ದು 2016ರ ಮಾರ್ಚ್ 24. ಆ ವರ್ಷ ಜನವರಿಯಲ್ಲಿ ತೈಲ 30 ಡಾಲರಿಗಿಂತ ಕೆಳಗೆ ಬಿದ್ದಿತ್ತು. ಬೆಲೆ ಬೀಳುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ, ಒಪ್ಪೋಣ. ಆದ್ರೆ ಬಿದ್ರೆ ಏನು ಗತಿ ಅಂತ ದೊಡ್ಡ ಅಕ್ಷರದಲ್ಲಿ ಬರೆಯೋಕೆ 670 ಪುಟದಲ್ಲಿ ಜಾಗ ಸಾಲಲಿಲ್ವೇ?

ಈ ವಿದ್ಯೆಯಲ್ಲಿ ಸ್ಕಾಟ್ಲೆಂಡಿಗೆ ಗುರುಗಳು ಕೆನಡಾದ ಕ್ವಿಬೆಕ್ಕಿನವರು. 1980ರ ಜನಮತದಲ್ಲಿ ಅವರು ಕೇಳಿದ ಪ್ರಶ್ನೆಯಲ್ಲಿ ನೂರಕ್ಕೂ ಹೆಚ್ಚು ಪದ! ವಿಟಿಯು ಪ್ರಶ್ನೆಪತ್ರಿಕೆ ನೋಡಿದ ನನಗೇ ತಲೆ ತಿರುಗಿತು. ಸೋತರು. 1995ರಲ್ಲಿ ಪ್ರಶ್ನೆ ಚಿಕ್ಕದಾಯ್ತು, ಜಾಣತನ ದೊಡ್ಡದಾಯ್ತು. ಕೆನಡಾಕ್ಕೆ ಆರ್ಥಿಕ, ರಾಜಕೀಯ ಪಾಲುದಾರಿಕೆಯ ಪ್ರಸ್ತಾಪ ಕೊಟ್ಟ ಮೇಲೆ, ಇಂಥ ಮಸೂದೆ ಮತ್ತು ಇಂಥ ದಿನ ಸಹಿಯಾದ ಒಪ್ಪಂದದ ಚೌಕಟ್ಟಿನಲ್ಲಿ, ಕ್ವಿಬೆಕ್ 'ಸಾರ್ವಭೌಮ' ಆಗೋಕೆ ಒಪ್ತೀರಾ? ಹೊಸ ದೇಶ ಮಾಡೋ ಪ್ರಶ್ನೆಯಲ್ಲಿ 'ದೇಶ' ಅನ್ನೋ ಪದವೇ ಇಲ್ಲ. ಆ ಒಪ್ಪಂದ ಆಗಿದ್ದು ಕೆನಡಾ ಜೊತೆಗಲ್ಲ, ಕ್ವಿಬೆಕ್ಕಿನದೇ ಮೂರು ಪಕ್ಷಗಳ ನಡುವೆ. ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವಾಗ ಓದದೇ 'ಒಪ್ಪಿದೆ' ಅಂತ ಒತ್ತಿಸಿಕೊಳ್ಳೋ ಟ್ರಿಕ್ಕು. ಫಲಿತಾಂಶ? ಬೇಡ ಅಂದವರು 50.58%, ಬೇಕು ಅಂದವರು 49.42%. ಕೂದಲೆಳೆಯಲ್ಲಿ ತಪ್ಪಿತು. ಸೋತ ರಾತ್ರಿ ಪ್ರೀಮಿಯರ್ ಜಾಕ್ ಪಾರಿಜೋ ಹಣ ಮತ್ತು ಜನಾಂಗೀಯ ಮತಗಳ ಮೇಲೆ ಗೂಬೆ ಕೂರಿಸಿ, ಮರುದಿನ ರಾಜೀನಾಮೆ ಘೋಷಿಸಿದರು.

ಕ್ಯಾಟಲೋನಿಯಾದ್ದು ಇನ್ನೊಂದು ರೀತಿ. 2017ರ ಅಕ್ಟೋಬರ್ 1ರಂದು ಮತ ಹಾಕೋಕೆ ಬಂದವರಿಗೆ ಸ್ಪೇನ್ ಪೊಲೀಸರು ಲಾಠಿ ಬೀಸಿದ್ದು ಹೇಸಿಗೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಏಟು ತಿಂದ ಜನಕ್ಕೆ ನಾಯಕರು ಕೊಟ್ಟಿದ್ದೇನು? ಅಕ್ಟೋಬರ್ 10ಕ್ಕೆ ಪುಯಿಜ್‌ಡೆಮೋನ್ ಸ್ವಾತಂತ್ರ್ಯದ ಮಾತೆತ್ತಿ, ಚಪ್ಪಾಳೆ ನಿಲ್ಲೋ ಹೊತ್ತಿಗೆ ಅದನ್ನ ಅಮಾನತಿನಲ್ಲಿಟ್ಟರು. 27ಕ್ಕೆ ಮತ್ತೆ ಘೋಷಣೆ. ಸರ್ಕಾರಿ ಕಟ್ಟಡದ ಮೇಲಿನ ಸ್ಪೇನ್ ಬಾವುಟ ಕೂಡ ಇಳಿಯಲಿಲ್ಲ. ಮೂರೇ ದಿನದಲ್ಲಿ ಸಾಹೇಬರು ಬ್ರಸೆಲ್ಸ್‌ನಲ್ಲಿ!

ಹಾಗಂತ ಒಟ್ಟಿಗಿರೋಣ ಅನ್ನೋರು ಸಾಚಾಗಳೇನಲ್ಲ. ಸ್ಕಾಟ್ಲೆಂಡಿನಲ್ಲಿ ಅವರ ಪ್ರಚಾರಕ್ಕೆ 'ಪ್ರಾಜೆಕ್ಟ್ ಫಿಯರ್' ಅಂತಲೇ ಹೆಸರು ಬಿದ್ದಿತ್ತು. ಬೇರೆಯಾದ್ರೆ ಯುರೋಪಿನಿಂದ ಹೊರಬೀಳ್ತೀರಿ ಅಂತ ಹೆದರಿಸಿದರು. ಬೇರೆಯಾಗದೇ ಇದ್ದದ್ದಕ್ಕೂ 2020ರಲ್ಲಿ ಹೊರಬಿದ್ದರು. ಅದೂ 2016ರಲ್ಲಿ ನೂರಕ್ಕೆ 62 ಜನ ಬೇಡ ಅಂದ ಮೇಲೆ.

ನನ್ನ ತಕರಾರು ಸ್ವಾತಂತ್ರ್ಯದ ಆಸೆ ಬಗ್ಗೆ ಅಲ್ಲ. ಅದನ್ನ ಬೇಡ ಅನ್ನೋಕೆ ನಾನ್ಯಾರು, ನಮ್ಮ ತಾತಂದಿರು ಕೇಳಿದ್ದೂ ಅದನ್ನೇ. 1930ರ ದಶಕದ ಮೊದಲಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕರನಿರಾಕರಣೆಗೆ ಇಳಿದಾಗ ಯಾರೂ ಅವರಿಗೆ "ಏನೂ ಬದಲಾಗಲ್ಲ, ಜಮೀನು ಹಾಗೇ ಇರುತ್ತೆ" ಅನ್ನಲಿಲ್ಲ. ಜಮೀನು ಹೋಗುತ್ತೆ, ಜೈಲಾಗುತ್ತೆ ಅಂತ ಗೊತ್ತಿತ್ತು, ಹೋಯ್ತು ಕೂಡ. (1920ರಲ್ಲಿ ಗಾಂಧೀಜಿ ಒಂದೇ ವರ್ಷದಲ್ಲಿ ಸ್ವರಾಜ್ಯ ಅಂದಿದ್ದರು, ಅದನ್ನ ಮುಚ್ಚಿಟ್ಟರೆ ಕಾಮೆಂಟಿನಲ್ಲಿ ನೀವು ಬಿಡಲ್ಲ!) ಆದ್ರೂ ಅವರು ಬೆಲೆ ಕೇಳಿಕೊಂಡೇ ಕೊಂಡರು. ಗ್ಲಾಸ್ಗೋದಲ್ಲಿ ಮನೆ ಸಾಲ ಕಟ್ಟೋ ಮನುಷ್ಯನಿಗೆ ತನ್ನ ಸಾಲ ಯಾವ ನೋಟಿನಲ್ಲಿರುತ್ತೆ ಅಂತ ಯಾರೂ ನೆಟ್ಟಗೆ ಹೇಳಲಿಲ್ಲ. 2014ರ ಸೆಪ್ಟೆಂಬರ್ 18ರಂದು ನೂರಕ್ಕೆ 84.6 ಜನ ಬಂದು ಮತ ಹಾಕಿದರು, 55.3% ಬೇಡ ಅಂದರು.

ಉತ್ತರ ಕೊನೆಗೂ ಬಂತು ಅನ್ನಿ. 2022ರ ಅಕ್ಟೋಬರಿನಲ್ಲಿ ಅದೇ ಸ್ಕಾಟ್ಲೆಂಡ್ ಸರ್ಕಾರ ಹೊಸ ವರದಿ ತಂದು, ಮೊದಲು ಪೌಂಡನ್ನೇ ಬಳಸಿ, ಹದ ನೋಡಿಕೊಂಡು ನಮ್ಮದೇ ನಾಣ್ಯ ತರ್ತೀವಿ ಅಂತು. ಇಂಗ್ಲೆಂಡಿನ ಗಡಿಯಲ್ಲಿ ಸರಕಿನ ತಪಾಸಣೆ ಇರುತ್ತೆ ಅನ್ನೋದನ್ನೂ ಒಪ್ಪಿಕೊಂಡಿತು. ಮುಂದಿನ ತಿಂಗಳೇ ಬ್ರಿಟನ್ನಿನ ಸುಪ್ರೀಂ ಕೋರ್ಟು, ಲಂಡನ್ನಿನ ಅನುಮತಿಯಿಲ್ಲದೆ ಇನ್ನೊಂದು ಜನಮತ ನಡೆಸೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು.