ಪಾಠಶಾಲೆಯ ಧನಮೂಲ

ಧರ್ಮಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ ಏನನ್ನು ಕಲಿಸುತ್ತಾರೆಂದು ವಿಚಾರಿಸುವುದಕ್ಕೆ ಮೊದಲು, ಅವು ಯಾರಿಗೆ ಲೆಕ್ಕ ಒಪ್ಪಿಸುತ್ತವೆಂದು ವಿಚಾರಿಸುವುದು ಯುಕ್ತ. ಏಕೆಂದರೆ ವಿದ್ಯೆಗೆ ಹಣವನ್ನೀಯುವವರ ಅಭೀಷ್ಟವು ಕಾಲಕ್ರಮದಲ್ಲಿ ಪಾಠದೊಳಕ್ಕೂ ಇಳಿದೇ ಇಳಿಯುತ್ತದೆ.

ಬೇಲೂರು, ಹಳೇಬೀಡು, ಅರಸೀಕೆರೆಗಳ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳ ಜೊತೆಗೆ ಆಹಾರದಾನ ವಿದ್ಯಾದಾನಗಳೂ ಸೇರಿಬರುತ್ತವೆ; ಬಿಟ್ಟ ಗದ್ದೆಯ ಎಲ್ಲೆಯನ್ನು ಕೆರೆಯ ತೂಬು, ಹುಣಿಸೆಯ ಮರ, ನೆಟ್ಟ ಕಲ್ಲುಗಳಿಂದ ಗುರುತಿಸಿ, ಧರ್ಮವನ್ನು ಕೆಡಿಸಿದವನಿಗೆ ಶಾಪವನ್ನೂ ಬರೆದಿಡುತ್ತಾರೆ. ಮಳೆ ಹೋದರೆ ಉಪಾಧ್ಯಾಯನೂ ಒಕ್ಕಲೂ ಕೂಡಿಯೇ ಬಳಲಬೇಕಾಗಿದ್ದ ಆ ಏರ್ಪಾಡಿನಲ್ಲಿ ಶಾಲೆಯ ಧನಮೂಲವು ಊರಿನ ಕಣ್ಣೆದುರಿಗೇ ಇದ್ದಿತು. ಆದರೆ ಆ ವಿದ್ಯೆ ಅಗ್ರಹಾರವನ್ನು ದಾಟಿ ಹೊಲಗೇರಿಯ ಮಗುವನ್ನು ಮುಟ್ಟಲಿಲ್ಲವೆಂಬುದನ್ನು ಮರೆಮಾಚಿ ಆ ಕಾಲವನ್ನು ಹೊಗಳುವುದು ಅನ್ಯಾಯವಾದೀತು.

ಮುಟ್ಟದೆ ಬಿಟ್ಟ ಆ ಮಕ್ಕಳ ಕಡೆಗೆ ಬಂದವರಲ್ಲಿ ವಿದೇಶೀಯ ಪಾದ್ರಿಗಳು ಮುಖ್ಯರು. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ 1860ರ ಸುಮಾರಿನಲ್ಲಿ ಇಗರ್ಜಿಯನ್ನು ಕಟ್ಟಿದ ಫ್ರೆಂಚರಿಗೂ, 1882ರಲ್ಲಿ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜನ್ನು ಆರಂಭಿಸಿದ ಅವರ ಬಳಗಕ್ಕೂ ಬೆಂಬಲ ದೊರೆಯುತ್ತಿದ್ದುದು ಸಮುದ್ರದಾಚೆಯಿಂದ. ಫ್ರಾನ್ಸಿನ ಲಿಯೋನ್ ನಗರದಲ್ಲಿ 1822ರಲ್ಲಿ ಹುಟ್ಟಿದ ಧರ್ಮಪ್ರಸಾರ ಸಂಘಕ್ಕೆ ಬಡ ಕಾರ್ಮಿಕರು ವಾರಕ್ಕೊಂದು ಚಿಕ್ಕ ನಾಣ್ಯದಂತೆ ಕೊಡುತ್ತಿದ್ದ ಕಾಣಿಕೆಯೇ ಒಂದು ಕಡೆ ಮೈಸೂರು ಸೀಮೆಗೂ ಇನ್ನೊಂದು ಕಡೆ ಅಮೆರಿಕದ ಗಡಿನಾಡಿಗೂ ಹರಿಯಿತು. ಕೊಟ್ಟವರ ಭಕ್ತಿ ನಿಷ್ಕಲ್ಮಷವಾದುದು. ಆದರೂ ಅವರಿಗೆ ವರದಿಯಲ್ಲಿ ಬೇಕಾದದ್ದು ದೀಕ್ಷಾಸ್ನಾನದ ಸಂಖ್ಯೆಯೇ ಹೊರತು ಗಣಿತದಲ್ಲಿ ತೇರ್ಗಡೆಯಾದವರ ಸಂಖ್ಯೆಯಲ್ಲ.

ಅಮೆರಿಕದಲ್ಲಿ ಶಾಲೆಯ ಹಣ ಯಾರದೆಂಬ ಈ ತೊಡಕು ನ್ಯಾಯಾಲಯದವರೆಗೂ ಹೋಯಿತು. ಅಲ್ಲಿನ ಮೂಲನಿವಾಸಿಗಳ ಮಕ್ಕಳಿಗೆ ಕ್ಯಾಥೋಲಿಕ್ ಮಿಷನ್ನುಗಳು ನಡೆಸುತ್ತಿದ್ದ ಶಾಲೆಗಳಿಗೆ ಸರ್ಕಾರವು ಕರಾರಿನ ಮೇಲೆ ಕೊಡುತ್ತಿದ್ದ ಹಣ 1900ರ ವೇಳೆಗೆ ನಿಂತುಹೋಯಿತು. ಫಿಲಡೆಲ್ಫಿಯಾದ ಸಾಹುಕಾರನ ಮಗಳು ಕ್ಯಾಥರಿನ್ ಡ್ರೆಕ್ಸೆಲ್ ಸನ್ಯಾಸಿನಿಯಾಗಿ, 1891ರಲ್ಲಿ ಒಂದು ಸೋದರೀಸಂಘವನ್ನೇ ಸ್ಥಾಪಿಸಿ, ತನ್ನ ಪಿತ್ರಾರ್ಜಿತವನ್ನು ಇಂತಹ ಶಾಲೆಗಳಿಗೆ ಧಾರೆಯೆರೆದಳು. 1908ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯವು, ಒಪ್ಪಂದದ ಮೇರೆಗೆ ಸೂ ಎಂಬ ಮೂಲನಿವಾಸಿ ಜನಕ್ಕೆ ಸಲ್ಲಬೇಕಾದ ನಿಧಿಯು ಅವರದೇ ಆದುದರಿಂದ ಅದನ್ನು ಮಿಷನ್ ಶಾಲೆಗೆ ವಿನಿಯೋಗಿಸಬಹುದೆಂದು ತೀರ್ಪಿತ್ತಿತು. ತತ್ತ್ವ ಸರಿಯೇ. ಆದರೆ ಎಷ್ಟೋ ಮಕ್ಕಳನ್ನು ತಾಯಿಯ ಮಡಿಲಿನಿಂದ ಅಗಲಿಸಿ ವಸತಿಶಾಲೆಗಳಲ್ಲಿಟ್ಟು ಅವರ ನುಡಿಯನ್ನೇ ನಿಷೇಧಿಸಿದ ಕಾಲದಲ್ಲಿ ತಂದೆತಾಯಿಗಳ ಸಮ್ಮತಿಗೆ ಎಷ್ಟು ಬೆಲೆಯಿದ್ದಿತು? ಹಣ ಜನರದಾದರೆ ಸಾಲದು, ಆಜ್ಞೆಯೂ ಅವರದಾಗಬೇಕು.

ನಮ್ಮಲ್ಲಿ ಈ ಕ್ರೌರ್ಯ ಆ ಪ್ರಮಾಣದಲ್ಲಿ ನಡೆಯದಿರುವುದಕ್ಕೆ ಮನೆಗಳ ಬಿಗಿಹಿಡಿತವೂ, ಸರ್ಕಾರದ ಸಹಾಯಧನದ ಕ್ರಮವೂ ಕಾರಣವೆಂದು ನಾನು ಬಗೆಯುತ್ತೇನೆ. ಭಾರತದ ವಿದ್ಯಾಭ್ಯಾಸವನ್ನು ಕುರಿತ 1854ರ ವುಡ್ಡನ ಪತ್ರವು, ಶಾಲೆಯನ್ನು ಯಾವ ಮತದವರೇ ನಡೆಸಲಿ, ಲೌಕಿಕ ವಿದ್ಯೆಯ ಮಟ್ಟವನ್ನು ಮಾತ್ರ ನೋಡಿ ಸಹಾಯ ಕೊಡತಕ್ಕದ್ದೆಂದು ವಿಧಿಸಿತು. ತನಿಖೆಗೆ ಬಂದ ಇನ್‌ಸ್ಪೆಕ್ಟರು ಹಾಜರಿ ಪುಸ್ತಕವನ್ನು ತಿರುವಿಹಾಕಿ, ಹುಡುಗನಿಂದ ಮಗ್ಗಿಯನ್ನು ಹೇಳಿಸುತ್ತಿದ್ದನೇ ಹೊರತು ಪ್ರಾರ್ಥನೆಯನ್ನಲ್ಲ. ಮಿಷನರಿಯ ಮಗನಾಗಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸರೇ ಮೈಸೂರು ಸಂಸ್ಥಾನದಲ್ಲಿ ಹೋಬಳಿಶಾಲೆಗಳ ಯೋಜನೆಯನ್ನು ರೂಪಿಸಿದರು. ಬೇಲೂರಿನ ದಾನಶಾಸನಗಳನ್ನು ಅಚ್ಚಿನಲ್ಲಿ ಉಳಿಸಿಕೊಟ್ಟವರೂ ಅವರೇ.

ಇಲ್ಲಿ ಲೆಕ್ಕಕ್ಕೆ ಸಿಕ್ಕದ ಧನವೊಂದಿದೆ. 1854ರಲ್ಲಿ ಬೆಂಗಳೂರಿಗೆ ಬಂದ ಗುಡ್ ಶೆಫರ್ಡ್ ಸೋದರಿಯರಂಥವರು ಸ್ವಂತಕ್ಕೆ ಸಂಬಳವಿಲ್ಲದೆ ಜೀವಮಾನವೆಲ್ಲ ಕಲಿಸಿದ ದುಡಿಮೆಯ ಬೆಲೆಯನ್ನು ಯಾವ ಖಾತೆಯಲ್ಲಿ ಬರೆಯೋಣ? ಮಿಷನ್ ಶಾಲೆಯ ಶುಲ್ಕ ಬಡವರಿಗೆ ಎಟುಕುತ್ತಿದ್ದುದು ಬಹುಮಟ್ಟಿಗೆ ಇದರಿಂದ. ಅಂಥವರ ಸಂಖ್ಯೆ ಕುಗ್ಗಿದಾಗ ಆ ಭಾರವು ಕೂಲಿಯವನ ಮೇಲೆ ಬೀಳದಂತೆ ಸರ್ಕಾರದ ಬೊಕ್ಕಸವೇ ಹೊರುವುದು ನ್ಯಾಯ. ಅಲ್ಪಸಂಖ್ಯಾತರ ಶಾಲೆಯೆಂಬ ಕಾರಣದಿಂದ ಸಹಾಯದಲ್ಲಿ ಭೇದವೆಣಿಸಲಾಗದೆಂದು ಸಂವಿಧಾನದ 30ನೆಯ ವಿಧಿಯೂ, ಸಹಾಯ ಪಡೆದ ಶಾಲೆಯಲ್ಲಿ ಮತಬೋಧೆಗೆ ಮಗುವನ್ನು ಬಲಾತ್ಕರಿಸಲಾಗದೆಂದು 28ನೆಯ ವಿಧಿಯೂ ಹೇಳುತ್ತವೆ. ಇವೆರಡರ ಜೊತೆಗೆ ನಾನು ಬಯಸುವುದು ಇನ್ನೊಂದನ್ನು: ಶಾಲೆಯ ಆಯವ್ಯಯದ ಪಟ್ಟಿಯನ್ನು, ಅರಸೀಕೆರೆಯ ಕೊಬ್ಬರಿ ಮಂಡಿಯ ಹಮಾಲಿಯೂ ಬೇಲೂರಿನ ಕಾಫಿತೋಟದ ಆಳೂ ಓದಿ ಪ್ರಶ್ನಿಸಬಲ್ಲಂತೆ, ವರ್ಷಕ್ಕೊಮ್ಮೆ ಕನ್ನಡದಲ್ಲಿ ಬರೆದು ಶಾಲೆಯ ಬಾಗಿಲಿನಲ್ಲಿ ತೂಗುಹಾಕತಕ್ಕದ್ದು.